ಉಪ್ಪಿನ ಮರಿಗೆಯ ತೂತು

ಎಪ್ಪತ್ತರ ದಶಕದಲ್ಲಿ ಬ್ಯಾಟರಾಯನಪುರದ ನಮ್ಮ ಬೀದಿಯ ಕೊನೆಗೆ, ಲೇತಿನಲ್ಲಿ ಮರದ ಪಾತ್ರೆ ಕಡೆಯುವವನೊಬ್ಬನಿದ್ದ. ಗಂಟು ಬಿದ್ದದ್ದು, ಸೀಳಿದ್ದು, ಹುಳು ತಿಂದದ್ದು, ಯಾವ ತುಂಡು ಕೊಟ್ಟರೂ ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ, "ಇರ್ಲಿ ಬುಡವ್ವ, ಅದ್ಕೂ ಒಂದ್ ಕೆಲ್ಸ ಐತೆ" ಅನ್ನುತ್ತಿದ್ದ.

ನಮ್ಮ ಹಿತ್ತಲ ಹಲಸಿನ ಕೊಂಬೆಯಲ್ಲಿ ಅವನು ಮಾಡಿಕೊಟ್ಟ ಉಪ್ಪಿನ ಮರಿಗೆಗೆ ಅಂಚಿನ ಕೆಳಗೇ, ಮರದ ಗಂಟು ಉದುರಿ ಆದ ಒಂದು ತೂತಿತ್ತು. "ತೂತಿನ ಪಾತ್ರೆ ಯಾರಿಗೆ ಬೇಕು?" ಎಂದು ನಮ್ಮತ್ತೆ ಸಿಡುಕಿದರು. ಅವನು ಆ ತೂತಿಗೆ ಚಮಚದ ಹಿಡಿ ತೂರಿಸಿ ತೋರಿಸಿ ನಕ್ಕ. ಅವತ್ತಿನಿಂದ ಅತ್ತೆಗೆ ಚಮಚ ಹುಡುಕುವ ಕೆಲಸ ತಪ್ಪಿತು.

ತಿಂಗಳೊಪ್ಪತ್ತಿನಲ್ಲಿ ಅತ್ತೆಯೇ ನುಣ್ಣನೆಯ ತುಂಡೊಂದನ್ನು ಹೊತ್ತು ಹೋಗಿ, "ಸಕ್ಕರೆಗೂ ಇಂಥದ್ದೇ ಮಾಡು, ತೂತು ಸಮೇತ" ಅಂದರು.

"ಇದ್ರಲ್ಲಿ ತೂತಿಲ್ವಲ್ಲವ್ವ."

"ಕೊರೆಯಪ್ಪ, ಎಷ್ಟು ಹೊತ್ತಿನ ಕೆಲಸ!"

ಅವನು ಗಲ್ಲ ಬಡಿದುಕೊಂಡ. "ನಾನ್ ಕೊರೆಯಾಕಿಲ್ಲ. ಮರಾನೇ ಕೊಡ್ಬೇಕು. ವಸಿ ತಡ್ಕಳವ್ವ."

ಮುನಿಸಿಕೊಂಡು ಬಂದ ಅತ್ತೆ ಆಮೇಲೆ ಅವನ ಸುದ್ದಿಯನ್ನೇ ಎತ್ತಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ಸೈಕಲ್ ಕ್ಯಾರಿಯರಿಗೆ ಸೊಟ್ಟ ಕೊರಡೊಂದನ್ನು ಕಟ್ಟಿಕೊಂಡು ಬಂದು, ನಮ್ಮ ಗೇಟಿನ ಮುಂದೆ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದ: "ಅವ್ವೋ, ತೂತು ಸಿಕ್ತು!"