ಗೋಣು ಹಾಕುವ ಚಟ

ಅಂಗಡಿಗೆ ಬಂದವರು ನನ್ನ ಪ್ರತಿ ಮಾತಿಗೂ ಗೋಣು ಹಾಕತೊಡಗಿದರೆ, ನಾನು ಮೋಟಾರಿನ ಗುಣಗಾನವನ್ನು ಅರ್ಧಕ್ಕೇ ನಿಲ್ಲಿಸಿ ಚಹಾ ತರಿಸುತ್ತೇನೆ. ಇವರು ಕೊಳ್ಳುವವರಲ್ಲ ಎಂದು ಅಷ್ಟರೊಳಗೆ ಗೊತ್ತಾಗಿರುತ್ತದೆ. ಜೇವರ್ಗಿಯಲ್ಲಿ ಪಂಪು, ಪೈಪು ಮಾರುತ್ತ ಸ್ವಂತ ಕಾಲಮೇಲೆ ನಿಂತ ಹೆಂಗಸಿನ ಮಾತು ಇದು, ಸುಮ್ಮನೆ ನಂಬಿ. ಕೊಳ್ಳುವ ಗಿರಾಕಿ ಹುಬ್ಬು ಗಂಟಿಕ್ಕುತ್ತಾನೆ, "ಅಂದ್ರ ಹ್ಯಾಂಗ್ರಿ ಅಕ್ಕಾರ?" ಎಂದು ನಡುವೆ ಬಾಯಿ ಹಾಕುತ್ತಾನೆ, ನನಗೆ ಬೆವರು ಇಳಿಸುತ್ತಾನೆ. ಗೋಣು ಹಾಕಿದವನು ಮಾತ್ರ ಚಹಾ ಮುಗಿಸಿ, "ಮತ್ತ ಬರ್ತೇನ್ರಿ" ಎಂದು ಎದ್ದು ಹೋಗುತ್ತಾನೆ. ನನಗೆ ಅವನ ಮೇಲೆ ಸಿಟ್ಟಿಲ್ಲ. ಆ ವಿದ್ಯೆಯಲ್ಲಿ ಒಂದು ಕಾಲಕ್ಕೆ ನನ್ನಷ್ಟು ಪಳಗಿದವರು ಇಡೀ ಆಳಂದ ತಾಲೂಕಿನಲ್ಲಿ ಇರಲಿಲ್ಲ.

ನನಗೆ ಅದು ನಿಂಬರ್ಗಾದ ನಮ್ಮ ಮನೆಯಲ್ಲಿ ಹತ್ತಿದ್ದು. ಆಯಿ, ಎಂದರೆ ನಮ್ಮ ಅಜ್ಜಿ, ಕತೆ ಹೇಳಬೇಕಾದರೆ ಹೂಂಗುಟ್ಟಲು ಒಬ್ಬರು ಬೇಕೇ ಬೇಕಿತ್ತು. ಹೂಂ ನಿಂತಿತೋ, ಕತೆಯೂ ನಿಂತಿತು. ರಾಜಕುಮಾರ ಕುದುರೆ ಹತ್ತಲು ಒಂದು ಕಾಲು ಎತ್ತಿದವನು ಹಾಗೆಯೇ ನಿಂತುಬಿಡುತ್ತಿದ್ದ. ನಿದ್ದೆಹೋದ ತಮ್ಮಂದಿರ ಪಾಲಿನ ಹೂಂ ಕೂಡ ನಾನೇ ಅಂದು ಕುದುರೆ ಓಡಿಸುತ್ತಿದ್ದೆ. ಶ್ರಾವಣದಲ್ಲಿ ಮಠದ ಪ್ರವಚನಕ್ಕೆ ಹೋದರೆ ಅಲ್ಲಿಯೂ ಹಿರಿಯರೆಲ್ಲ ಗಾಳಿಗೆ ತೂಗುವ ಜೋಳದ ತೆನೆಗಳ ಹಾಗೆ ತಲೆದೂಗುತ್ತಿದ್ದರು. ಮನೆಗೆ ಬಂದಮೇಲೆ ಸ್ವಾಮಿಗಳು ಏನು ಹೇಳಿದರೆಂದು ಕೇಳಿ ನೋಡಿ. "ಭಾಳ ಚೊಲೋ ಹೇಳಿದ್ರು" ಎಂಬುದರ ಆಚೆಗೆ ಒಂದಕ್ಷರ ಹೊರಡುತ್ತಿರಲಿಲ್ಲ. ಹೀಗಾಗಿ ನನ್ನದೊಂದು ಸಿದ್ಧಾಂತವಿದೆ: ನಮ್ಮ ಕಡೆ ಗೋಣು ಹಾಕುವುದು ತಿಳುವಳಿಕೆಯ ಗುರುತಲ್ಲ, ಮರ್ಯಾದೆಯ ಗುರುತು. ಹೇಳುವವರ ಮನಸ್ಸು ನೋಯಬಾರದಲ್ಲ!

ಶಾಲೆಯಲ್ಲಿ ಈ ಮರ್ಯಾದೆ ನನಗೆ ಚೆನ್ನಾಗಿ ಒದಗಿಬಂತು. ಮೊದಲ ಸಾಲಿನಲ್ಲಿ ಕುಳಿತು ಗೋಣು ಹಾಕುತ್ತಿದ್ದೆ, ಮಾಸ್ತರರು ಹಿಗ್ಗುತ್ತಿದ್ದರು. ಆಗ ನಿಜವಾಗಿಯೂ ಎಲ್ಲ ತಿಳಿಯುತ್ತಿತ್ತು ಎನ್ನುವುದೇ ಮುಂದಿನ ಅನಾಹುತಕ್ಕೆ ಕಾರಣ. ಒಮ್ಮೆ ಓದಿದರೆ ಸಾಕು, ಪಾಠ ತಲೆಯಲ್ಲಿ ಬಂದು ಕೂರುತ್ತಿತ್ತು. ಹತ್ತನೆಯದರಲ್ಲಿ ಶಾಲೆಗೇ ಮೊದಲಿಗಳಾದೆ. ಶಾಲು ಹೊದಿಸಿದರು, ಕೈಯಲ್ಲಿ ತೆಂಗಿನಕಾಯಿ ಇಟ್ಟರು. ಆದರೆ "ತಿಳೀಲಿಲ್ಲ" ಎಂಬ ಒಂದು ಮಾತನ್ನು ಅಷ್ಟು ವರ್ಷಗಳಲ್ಲಿ ನಾನು ಒಮ್ಮೆಯೂ ಆಡಿರಲಿಲ್ಲ. ಆಡದ ಮಾತು ಬೇಕಾದಾಗ ನಾಲಿಗೆಗೆ ಬರುವುದಿಲ್ಲ.

ಬೇಕಾದದ್ದು ಆಳಂದದ ಕಾಲೇಜಿನಲ್ಲಿ. ಪಿಯುಸಿ, ವಿಜ್ಞಾನ, ಎಲ್ಲವೂ ಇಂಗ್ಲಿಷಿನಲ್ಲಿ. ಭೌತಶಾಸ್ತ್ರ ಹೇಳುತ್ತಿದ್ದ ಬಸವರಾಜ ಸರ್ ಒಳ್ಳೆಯವರು. ಎರಡು ವಾಕ್ಯಕ್ಕೊಮ್ಮೆ ನಿಂತು, ತಿಳಿಯಿತೇ ಎಂದು ಯಾವುದಾದರೊಂದು ಮುಖದಲ್ಲಿ ಹುಡುಕುತ್ತಿದ್ದರು. ಉಳಿದ ಮುಖಗಳೆಲ್ಲ ಬಿಕೋ ಎನ್ನುತ್ತಿದ್ದವು. ನನ್ನ ಗೋಣು ಮಾತ್ರ ತನ್ನಷ್ಟಕ್ಕೆ ತಾನು ಆಡುತ್ತಿತ್ತು. ಒಳಗೆ ಏನೇನೂ ಇಳಿದಿರಲಿಲ್ಲ. ವೆಕ್ಟರ್ ಎಂದರೆ ಬಾಣದ ಗುರುತು ಎಂಬುದರ ಮುಂದಕ್ಕೆ ನಾನು ಹೋಗಿರಲಿಲ್ಲ. ಸರ್ ನನ್ನ ಗೋಣನ್ನು ನಂಬಿ ಬೋರ್ಡು ಒರೆಸಿ ಮುಂದೆ ಸಾಗುತ್ತಿದ್ದರು.

ಮೊದಲ ಟೆಸ್ಟಿನಲ್ಲಿ ನಾನು ಫೇಲಾದೆ. ಶಾಲು ಹೊದ್ದವಳು ಫೇಲು! ಕಾಲೇಜಿನ ಬೇವಿನ ಗಿಡದ ಕೆಳಗೆ ಒಬ್ಬಳೇ ಕುಳಿತಿದ್ದಾಗ ಚೌಡಾಪುರದ ಶಾಹೀನಾ ಬಂದಳು. ಆಳಂದದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದ, ಹಿಂದಿನ ಬೆಂಚಿನ ಹುಡುಗಿ. ಸಮಾಧಾನ ಹೇಳುತ್ತಾಳೆ ಎಂದುಕೊಂಡೆ.

"ನಿನಗೂ ತಿಳೀವಲ್ದಾ?" ಎಂದಳು, ಕಣ್ಣು ಅಗಲಿಸಿ. "ಮತ್ತ್ಯಾಕ ಬೇ ದಿನಾ ಗೋಣ ಹಾಕ್ತಿ? ನೀ ಹಾಕ್ತಿ, ಸರ್ ಮುಂದ ಹೋಗ್ತಾರ, ನಾವೆಲ್ಲಾ ಇಲ್ಲೇ ಬೀಳ್ತೇವಿ. ಇಡೀ ಕ್ಲಾಸು ನಿನ್ನ ಗೋಣಿನ ಮ್ಯಾಲ ನಡ್ಯಾಕತ್ತೈತಿ!"

ಅಷ್ಟು ಖರೆ ಮಾತನ್ನು ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಸರ್ ನನ್ನನ್ನು ಕರೆದು, ಕಲಾ ವಿಭಾಗಕ್ಕೆ ಬದಲಾಯಿಸಿಕೊಳ್ಳುವುದಾದರೆ ಈ ವಾರ ಮಾತ್ರ ಅವಕಾಶ, ಆಮೇಲೆ ಬಾಗಿಲು ಮುಚ್ಚುತ್ತದೆ ಎಂದರು. ಕೆಟ್ಟ ಮನಸ್ಸಿನಿಂದಲ್ಲ, ಕನಿಕರದಿಂದ. ಮನೆಯಲ್ಲಿ ಅಪ್ಪನಿಗೆ ಹೇಳಿದೆ.

"ಓದಾಕಿ ನೀನು, ನೀನ ಹೇಳವ್ವಾ. ಆದ್ರ ಒಂದು ವರ್ಷ ಹಾಳಾದ್ರ ಮತ್ತ ಕಳಿಸೂದು ನನ್ನ ಕೈಲೆ ಆಗಂಗಿಲ್ಲ."

"ಅರ್ಧ ವಾರ್ಷಿಕ ತನಕ ಬಿಡಪ್ಪಾ. ಅದರಾಗ ಪಾಸಾಗಲಿಲ್ಲಂದ್ರ ನಾನ ಪಾಟಿಚೀಲ ಗೂಟಕ್ಕ ಹಾಕ್ತೇನಿ."

ಬದುಕಿನಲ್ಲಿ ನಾನು ಕುದುರಿಸಿದ ಮೊದಲ ವ್ಯವಹಾರ ಅದು. ಕಲಾ ವಿಭಾಗದ ಬಾಗಿಲು ಮುಚ್ಚಿತು. ಇನ್ನು ಪಾಸು, ಇಲ್ಲವೇ ಮನೆ.

ಮೊದಲು ಗೋಣನ್ನು ಕಟ್ಟಿಹಾಕಬೇಕಿತ್ತು. ಶಾಹೀನಾಳನ್ನು ಹಿಂದಿನ ಬೆಂಚಿನಿಂದ ಎಬ್ಬಿಸಿಕೊಂಡು ಬಂದು ನನ್ನ ಪಕ್ಕಕ್ಕೆ ಕೂರಿಸಿಕೊಂಡೆ. ತಿಳಿಯದೆ ಗೋಣು ಹಾಕಿದರೆ ಚಿವುಟುವುದು ಅವಳ ಕೆಲಸ. ಆ ಕೆಲಸವನ್ನು ಅವಳು ಇಷ್ಟೊಂದು ಇಷ್ಟಪಟ್ಟು ಮಾಡುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ. "ಹಾಕಿದೆಲ್ಲ ಮತ್ತ! ಏನ್ ತಿಳೀತ್, ಹೇಳ್ ನೋಡೂಣು" ಎಂದು ಕಿವಿಯಲ್ಲಿ ಉಸುರುತ್ತಿದ್ದಳು. ತೋಳು ಕಂದಿಹೋದಮೇಲೆ ಒಂದು ದಿನ, ಬೇರೆ ದಾರಿ ಕಾಣದೆ, ಎದ್ದು ನಿಂತೆ.

"ಸರ್, ತಿಳೀಲಿಲ್ರಿ."

ಸರ್ ಸೀಮೆಸುಣ್ಣ ಹಿಡಿದ ಕೈಯನ್ನು ಕೆಳಗಿಳಿಸಿದರು. "ಎಲ್ಲಿಂದ ತಿಳೀಲಿಲ್ಲವ್ವಾ?"

"ಶುರುದಿಂದ್ರಿ."

"ಇವತ್ತಿನ ಪಾಠದ ಶುರುದಿಂದೇನು?"

"ಇಲ್ರಿ. ಜೂನ್ ತಿಂಗಳಿಂದ್ರಿ."

ಕ್ಲಾಸು ಹೋ ಎಂದು ನಕ್ಕಿತು. ನನ್ನ ಕಿವಿ ಸುಟ್ಟಹಾಗಾಯಿತು. ಆದರೆ ನಗು ನಿಂತಮೇಲೆ ಹಿಂದಿನಿಂದ ಇನ್ನೊಂದು ದನಿ, "ನನಗೂರಿ ಸರ್" ಎಂದಿತು. ಆಮೇಲೆ ಮತ್ತೊಂದು.

ಈಗ ನನ್ನ ಉಪದೇಶ. ಕೇಳಲೇಬೇಕು, ಚಹಾ ಕುಡಿಸಿಯೇ ಹೇಳಬೇಕಾದ ಮಾತು, ನಿಮಗೆ ಚಹಾ ಇಲ್ಲದೆಯೇ ಹೇಳುತ್ತಿದ್ದೇನೆ. ಬರೀ "ತಿಳೀಲಿಲ್ಲ" ಎನ್ನುವುದು ಅರ್ಧ ಕೆಲಸ. ಅದು, ಅಂಗಡಿಗೆ ಬಂದು ತನ್ನ ಕೈಲಿ ಎಷ್ಟು ಕೊಡಲಾಗುತ್ತದೆಂದು ಹೇಳದೆ ಬರೀ "ತುಟ್ಟಿ ಆಯ್ತು" ಎಂದು ನಿಂತ ಹಾಗೆ. ಚೌಕಾಸಿ ಮುಂದೆ ಸಾಗುವುದು ಗಿರಾಕಿ ತಾನೊಂದು ದರ ಹೇಳಿದಾಗ. ಪಾಠದಲ್ಲಿಯೂ ಅಷ್ಟೇ: "ಸರ್, ಈ ಸಾಲಿನ ತನಕ ಬಂದೇನ್ರಿ, ಇಲ್ಲಿಂದ ಕಾಲು ಮುಂದ ಹೋಗವಲ್ದು" ಎನ್ನಬೇಕು. ಆಗ ಅವರು ಮೇಲಿನಿಂದ ನಾಲ್ಕು ಮೆಟ್ಟಿಲು ಇಳಿಯುತ್ತಾರೆ, ನೀವು ಎರಡು ಹತ್ತುತ್ತೀರಿ. ಎಲ್ಲೋ ನಡುವೆ ಸೌದಾ ಕುದುರುತ್ತದೆ. ಆ "ಇಲ್ಲಿಯ ತನಕ" ಎಂಬ ಜಾಗವನ್ನು ಹುಡುಕುವುದಕ್ಕೇ ಮನೆಯಲ್ಲಿ ಓದಬೇಕು. ನಿಂಬರ್ಗಾದಿಂದ ಆಳಂದಕ್ಕೆ ದಿನಾ ಹೋಗಿಬರುವ ಬಸ್ಸಿನಲ್ಲಿಯೂ ನಾನು ಅದನ್ನೇ ಹುಡುಕಿದೆ. ಶಾಲೆಯಲ್ಲಿ ಒಂದೇ ಗುಟುಕಿಗೆ ಇಳಿಯುತ್ತಿದ್ದ ಪಾಠವನ್ನು ಇಲ್ಲಿ ಜೋಳದ ರೊಟ್ಟಿಯ ಹಾಗೆ ಮುರಿದು ಮುರಿದು ಅಗಿಯಬೇಕಾಯಿತು. ತಡವಾಯಿತು, ನಿಜ. ಆದರೆ ಅಗಿದದ್ದು ಹೊಟ್ಟೆಯಲ್ಲಿ ನಿಂತಿತು.

ಅರ್ಧ ವಾರ್ಷಿಕದಲ್ಲಿ ಪಾಸಾದೆ. ಎಷ್ಟು ಅಂಕ ಎಂದು ಕೇಳಬೇಡಿ, ಶಾಲೆಯಲ್ಲಾಗಿದ್ದರೆ ಅಷ್ಟಕ್ಕೆ ಮನೆ ತುಂಬ ಅಳುತ್ತಿದ್ದೆ. ಸರ್ ಉತ್ತರ ಪತ್ರಿಕೆ ಕೊಡುತ್ತ, "ದಂಡೀಗೆ ಬಂದಿ ನೋಡವ್ವಾ" ಎಂದರು. ಅಪ್ಪನಿಗೆ ತೋರಿಸಿದೆ. ಅಪ್ಪ ಪಾಸು ಎಂಬುದನ್ನು ಮಾತ್ರ ಕೇಳಿಸಿಕೊಂಡು, "ಆತು, ನಾಳೆ ಬಸ್ಸು ತಪ್ಪಿಸಬ್ಯಾಡ" ಎಂದು ಹೊಲಕ್ಕೆ ಹೊರಟ.

ಬಸ್ಸು ತಪ್ಪಿಸಲಿಲ್ಲ. ಮರುದಿನ ಸರ್ ಹೊಸ ಪಾಠ ತೆಗೆದರು. ಬೋರ್ಡಿನ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ "ಥರ್ಮೋಡೈನಾಮಿಕ್ಸ್" ಎಂದು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಗೆರೆ ಎಳೆದು ತಿರುಗಿದರು. ನಾನು ಎದ್ದು ನಿಂತಿದ್ದೆ.

"ಏನವ್ವಾ, ನಾ ಇನ್ನೂ ಶುರುನ ಮಾಡಿಲ್ಲಲ್ಲ?"

"ಹೌದ್ರಿ ಸರ್. ಹೆಸರ ತಿಳೀಲಿಲ್ರಿ."

ಸರ್ ನನ್ನನ್ನೊಮ್ಮೆ, ಬೋರ್ಡನ್ನೊಮ್ಮೆ ನೋಡಿದರು. ಪುಸ್ತಕ ಮುಚ್ಚಿ ಮೇಜಿನ ಅಂಚಿಗೆ ಕುಳಿತರು. ಗಂಟೆ ಬಾರಿಸಿದಾಗಲೂ ನಾವು ಹೆಸರಿನಲ್ಲಿಯೇ ಇದ್ದೆವು, ಇಡೀ ಕ್ಲಾಸು.