ಹಂದಿಗೂಡಿನ ಗ್ಯಾರೇಜು, ಹೊಳೆ ದಾಟುವ ಜೀಪು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಇವಾಲ್ ತೇಮು ಜೀಪಿನ ಅಡಿಯಲ್ಲಿ ಅಂಗಾತ ಮಲಗಿದ್ದಾರೆ. ಹೊರಗೆ ಕಾಣುವುದು ಎರಡು ರಬ್ಬರ್ ಬೂಟು ಮಾತ್ರ. ನಿನ್ನೆ ಹೊಳೆ ದಾಟಿ ಬಂದ ಗಾಡಿಯ ಸಂದುಗೊಂದುಗಳಲ್ಲಿ ಬೂದು ಹೂಳು ಒಣಗಿ ಗಟ್ಟಿಯಾಗಿದೆ. ಅದನ್ನು ಅವರು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆಯುತ್ತಿದ್ದಾರೆ.

"ನೋಡ್ಕೊಂಡು ಕಾಲಿಡಿ ಟೀಚರ್, ಅಲ್ಲಿ ನಟ್ಟು ಹರಡಿದೀನಿ," ಎಂದು ಅಡಿಯಿಂದಲೇ ಹೇಳುತ್ತಾರೆ. ನನ್ನ ಹೆಜ್ಜೆಯ ಸದ್ದು ಅವರಿಗೆ ಗೊತ್ತು. ಅವರು ಪುಟ್ಟ ಹುಡುಗಿಯಾಗಿದ್ದಾಗ ಇದೇ ಹಳ್ಳಿಯ ಶಾಲೆಯಲ್ಲಿ ಅವರಿಗೆ ಅಕ್ಷರ ಕಲಿಸಿದವಳು ನಾನು.

ಕೆರೆದು ಮುಗಿಸಿ, ಮೈಕೈ ಒರೆಸಿಕೊಂಡು, ವೆಲ್ಡಿಂಗ್ ಯಂತ್ರದ ಪಕ್ಕ ಸುಮ್ಮನೆ ಕೂರುತ್ತಾರೆ. ಏನನ್ನೋ ಕಾಯುತ್ತಿದ್ದಾರೆ. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಪಕ್ಕದ ಮನೆಯ ಲಾಬಾಯ್ ಕೂಗುತ್ತಾರೆ.

"ಇವಾಲ್! ಅನ್ನ ಆಯ್ತು!"

"ಮುಚ್ಚಳ ತೆಗೆದು ನೋಡಿದ್ಯಾ? ಮೊನ್ನೆನೂ ಆಯ್ತು ಅಂದ್ಬಿಟ್ಟು ಅರ್ಧ ಬೆಂದಿದ್ದು ತಿಂದೆ."

"ತಿಂದಿದ್ದು ನಾನು, ಹೊಟ್ಟೆ ನಂದು. ನಿನಗ್ಯಾಕೆ? ನೀನು ಕಿಡಿ ಹಾರಿಸು ಹೋಗು!"

ಈ ಯಂತ್ರ ಶುರುವಾದರೆ ಸಾಲಿನ ಮನೆಗಳಲ್ಲೆಲ್ಲ ದೀಪ ಮಂಕಾಗುತ್ತದೆ, ಕರೆಂಟಿನ ಅನ್ನದ ಕುಕ್ಕರು ಆರಿಹೋಗುತ್ತದೆ. ಇದುವರೆಗೆ ಒಬ್ಬರೂ ದೂರಿಲ್ಲ. ಸಾಲಿನ ಮನೆಗಳ ಅಡುಗೆ ವಿಚಾರಿಸಿ ಕೂಗುವ ಕೆಲಸವನ್ನು ಲಾಬಾಯ್ ತಾವಾಗಿಯೇ ವಹಿಸಿಕೊಂಡಿದ್ದಾರೆ. ಆ ಕೂಗು ಬರುವವರೆಗೆ ಇವಾಲ್ ಸ್ವಿಚ್ಚು ಮುಟ್ಟುವುದಿಲ್ಲ.

ಗ್ಯಾರೇಜು ಎಂದರೂ ಇದು ಅವರ ಅಪ್ಪನ ಹಂದಿಗೂಡು. ಅಪ್ಪ ತೀರಿಕೊಂಡ ಮೇಲೆ ಹಂದಿಗಳನ್ನು ಮಾರಿ, ನೆಲಕ್ಕೆ ಕಾಂಕ್ರೀಟು ಸುರಿದು, ಮೇಲೆ ತಗಡು ಹೊದಿಸಿದ್ದಾರೆ. ಕಿಟಕಿ ಮಾಡುವ ಅಂಗಡಿಯೊಂದು ಮುಚ್ಚಿದಾಗ ಅಲ್ಲಿಂದ ವೆಲ್ಡಿಂಗ್ ಯಂತ್ರ ಬಂತು. ಮೇವಿನ ತೊಟ್ಟಿ ಈಗ ಸ್ಪ್ಯಾನರುಗಳ ಪೆಟ್ಟಿಗೆ. ಮಳೆ ಜೋರಾದರೆ ಹಳೆಯ ವಾಸನೆ ಇನ್ನೂ ಏಳುತ್ತದೆ. "ಹಂದಿ ಹೋಯ್ತು, ಇವಾಲ್ ಬಂದ್ಲು ಅಂತ ಊರವರು ನಗ್ತಿದ್ರು," ಎಂದು ಅವರೂ ನಗುತ್ತಾರೆ. "ಈಗ ಅವರ ಗೇಟು, ಕೊಡಲಿ, ಬೇಲಿ, ಎಲ್ಲ ಇಲ್ಲಿಗೇ ಬರುತ್ತೆ."

ಹರೆಯದಲ್ಲಿ ಅವರು ರಾಜಧಾನಿ ತೈಪೆಗೆ ಹೋಗಿ, ಎತ್ತರದ ಕಟ್ಟಡಗಳ ಉಕ್ಕಿನ ತೊಲೆಗಳ ಮೇಲೆ ವೆಲ್ಡಿಂಗ್ ಮಾಡಿದವರು. ನಮ್ಮ ಟ್ರುಕು ಬುಡಕಟ್ಟಿನ ಹಳ್ಳಿಗಳಿಂದ ಆ ಕೆಲಸಕ್ಕೆ ಹೋದ ಗಂಡಸರು ಬಹಳ ಮಂದಿ, ಹೆಂಗಸರು ಕಡಿಮೆ. ಕುಳ್ಳಗಿದ್ದುದರಿಂದ ಬೇರೆಯವರು ತೂರಲಾಗದ ಸಂದಿಗೆಲ್ಲ ಇವರನ್ನೇ ಕಳಿಸುತ್ತಿದ್ದರಂತೆ. ಮಲಗಿಕೊಂಡು, ತಲೆಯ ಮೇಲಿನ ಕಬ್ಬಿಣವನ್ನು ಬೆಸೆಯುವುದು ಅಲ್ಲಿ ಕಲಿತದ್ದು. ಕುತ್ತಿಗೆಯ ಮೇಲಿರುವ ಕಿಡಿಯ ಚುಕ್ಕೆಗಳೂ ಅಲ್ಲಿಯವೇ.

ಚಂಡಮಾರುತದಲ್ಲಿ ಸೇತುವೆ ಕೊಚ್ಚಿಹೋದ ಮೇಲೆ ಈ ಗ್ಯಾರೇಜಿಗೆ ದೊಡ್ಡ ಕೆಲಸ ಬಂತು. ಊರಿನಿಂದ ಕೆಳಗಿಳಿಯಲು ಹೊಳೆಯ ಪಾತ್ರವೊಂದೇ ದಾರಿಯಾಗಿ ಉಳಿಯಿತು. ಕಿಡ್ನಿ ಸೋತಿರುವ ತಪಾಂಗ್ ಪಾಯಿ ವಾರಕ್ಕೆ ಮೂರು ಸಲ ಪಟ್ಟಣದ ಆಸ್ಪತ್ರೆಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಳ್ಳಬೇಕು. ಪಾಯಿ ಎಂದರೆ ನಮ್ಮಲ್ಲಿ ಅಜ್ಜಿ. ಮೇಲಿನ ಎಲೆಕೋಸಿನ ತೋಟದವರೊಬ್ಬರು ತಮ್ಮ ಹಳೆಯ ಜೀಪನ್ನು ಚರ್ಚಿಗೆ ಕೊಟ್ಟರು. ಚರ್ಚಿನವರು ಅದನ್ನು ಇವಾಲ್‌ಗೆ ಒಪ್ಪಿಸಿದರು.

ಇವಾಲ್ ಅದಕ್ಕೆ ದೊಡ್ಡ ಚಕ್ರ ಹಾಕಿದರು. ಸ್ಪ್ರಿಂಗುಗಳ ಕೆಳಗೆ ಉಕ್ಕಿನ ತುಂಡುಗಳನ್ನಿಟ್ಟು ಮೈಯನ್ನು ಮೇಲೆತ್ತಿದರು. ಎಂಜಿನ್ನು ಉಸಿರೆಳೆದುಕೊಳ್ಳುವ ಕೊಳವೆಯನ್ನು ಮಾಡಿನವರೆಗೆ ಏರಿಸಿದರು. "ಮೂಗು ಮೇಲಿದ್ರೆ ನೀರು ಕುಡಿಯಲ್ಲ," ಎನ್ನುತ್ತಾರೆ. ಮುಂದುಗಡೆ ತಾವೇ ಬಾಗಿಸಿದ ಕೊಳವೆಗಳ ಬಂಪರು, ಕೆಸರಿನಿಂದ ಎಳೆಯಲು ತಂತಿಹಗ್ಗದ ರಾಟೆ. ಸಾರಿಗೆ ಕಚೇರಿಯ ತಪಾಸಣೆಯೂ ಮುಗಿದು ಕಾಗದ ಕೈಗೆ ಬಂತು. ಗಾಡಿಯಲ್ಲಿ ಬೆಟ್ಟ ಹತ್ತುವ ಹುಚ್ಚಿನ ಹುಡುಗರು ಪಟ್ಟಣದಿಂದ ಬಂದು ಜೀಪಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಅಷ್ಟು ಎತ್ತರದ ಗಾಡಿ ಅವರಲ್ಲಿ ಯಾರ ಹತ್ತಿರವೂ ಇರಲಿಲ್ಲ.

"ನನಗೂ ತಲೆ ತಿರುಗಿತ್ತು," ಎನ್ನುತ್ತಾರೆ ಇವಾಲ್. "ಹೊಳೆ ನೋಡ್ದೆ, ಬಂಡೆ ನೋಡ್ದೆ. ಹತ್ತೋರು ಯಾರು ಅಂತ ನೋಡ್ಲಿಲ್ಲ."

ಜೀಪಿನ ಬಾಗಿಲು ತಪಾಂಗ್ ಪಾಯಿಯ ಸೊಂಟಕ್ಕಿಂತ ಮೇಲಿತ್ತು.

ಮೊದಲ ದಿನ ಚರ್ಚಿನ ಅಂಗಳದಲ್ಲಿ ಊರೇ ಸೇರಿತ್ತು. ಗಾಡಿ ಓಡಿಸುವವನು ಹರುಂಗ್, ತಪಾಂಗ್ ಪಾಯಿಯ ತಮ್ಮನ ಮಗ. ಅವನು ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, "ಅತ್ತೆ, ಹತ್ತು, ನಿನ್ನ ಭಾರ ಎಷ್ಟು ಮಹಾ," ಎಂದ. ಹೊತ್ತುಕೊಂಡು ಏಳುವಾಗ ಚರ್ಚಿನ ಹಾಡಿನ ಬಳಗದ ಹೆಂಗಸರು ಚಪ್ಪಾಳೆ ತಟ್ಟಿ, "ಮದುಮಗಳು ಹೊರಟ್ಲಪ್ಪೋ!" ಎಂದು ನಕ್ಕರು. ಅದು ಪ್ರೀತಿಯ ನಗೆಯೇ, ನಾನೂ ನಕ್ಕೆ. ಪಾಯಿ ಮಾತ್ರ ನಗಲಿಲ್ಲ.

ಮುಂದಿನ ಸಲ ಹೊಟ್ಟೆ ಸರಿಯಿಲ್ಲ ಎಂದು ಉಳಿದರು. ಅದರ ಮುಂದಿನ ಸಲ ನೇಯ್ಗೆ ಅರ್ಧಕ್ಕೆ ನಿಂತಿದೆ ಎಂದರು. ಹೊಳೆಗೆ ಹೆದರಿರಬೇಕು ಎಂದುಕೊಂಡ ಇವಾಲ್, ಸೀಟಿಗೆ ದಪ್ಪ ಸ್ಪಂಜು, ಎದೆಗೆ ಅಡ್ಡ ಬೆಲ್ಟು ಹಾಕಿದರು. ಪಾಯಿ ಬರಲಿಲ್ಲ. ಅವರ ಮುಖ ಊದಿಕೊಂಡಿತು. ಮಾತಾಡಿದರೆ ಏದುಸಿರು. ಆಸ್ಪತ್ರೆಯ ನರ್ಸು ಫೋನು ಮಾಡಿ, ಹೀಗೇ ಬಿಟ್ಟರೆ ಉಳಿಯುವುದಿಲ್ಲ ಎಂದು ಹರುಂಗ್‌ಗೆ ನೇರವಾಗಿ ಹೇಳಿದರು.

"ಎತ್ಕೊಂಡು ಹೋಗಿ ಕೂರಿಸ್ತೀನಿ, ಬೈದ್ರೆ ಬೈಲಿ," ಎಂದ ಹರುಂಗ್.

ಆ ಮಧ್ಯಾಹ್ನವೇ ಇವಾಲ್ ಜೀಪಿನ ನೆಲ ಗುಡಿಸುತ್ತಿದ್ದರು. ಸೀಟಿನ ಬುಡದಲ್ಲಿ ಒಂದು ಪಿನ್ನು ಸಿಕ್ಕಿತು. ಲಂಗಕ್ಕೆ ಚುಚ್ಚುವಂಥ ದೊಡ್ಡ ಪಿನ್ನು, ಬಾಯಿ ತೆರೆದು ಸೊಟ್ಟಗಾಗಿತ್ತು. ಅದು ಪಾಯಿಯದೆಂದು ಅವರಿಗೆ ಕೂಡಲೇ ಹೊಳೆಯಿತಂತೆ.

"ಲಂಗದ ಅಂಚನ್ನ ಕಾಲಿನ ಮಧ್ಯ ಸೇರಿಸಿ ಚುಚ್ಕೊಂಡಿದ್ರು ಟೀಚರ್. ಎತ್ತುವಾಗ ಮೇಲೆ ಸರೀಬಾರ್ದು ಅಂತ. ಅಷ್ಟು ಜನದ ಮುಂದೆ." ಇದನ್ನು ಹೇಳುವಾಗ ಅವರು ನನ್ನ ಮುಖ ನೋಡುವುದಿಲ್ಲ. "ತೈಪೆಯಲ್ಲಿ ಮೊದಮೊದ್ಲು ನಾನೂ ಅಂಗಿಗೆ ಪಿನ್ನು ಚುಚ್ಕೊಂಡೇ ಕಬ್ಬಿಣ ಹತ್ತುತಿದ್ದೆ. ಕೆಳಗೆಲ್ಲ ಗಂಡಸ್ರು. ನನಗೇ ಗೊತ್ತಾಗ್ಬೇಕಿತ್ತು."

ಪಿನ್ನಿನ ಮಾತನ್ನು ಅವರು ಪಾಯಿಯ ಹತ್ತಿರ ಎತ್ತಲಿಲ್ಲ. ಹರುಂಗ್‌ಗೂ ಹೇಳಲಿಲ್ಲ. "ಎರಡು ದಿನ ತಡಿ, ಆಮೇಲೂ ಬರದಿದ್ರೆ ನಾನೇ ನಿನ್ನ ಜೊತೆ ಎತ್ತೋಕೆ ಬರ್ತೀನಿ," ಎಂದಷ್ಟೇ ಹೇಳಿ, ಸೀಮೆಸುಣ್ಣ ಹಿಡಿದು ಪಾಯಿಯ ಮನೆಗೆ ಹೋದರು. ಪಾಯಿ ನೆಲದಲ್ಲಿ ಕಾಲು ಚಾಚಿ ಮಗ್ಗದ ಮುಂದೆ ಕೂತಿದ್ದರು, ಆದರೆ ನೇಯುತ್ತಿರಲಿಲ್ಲ.

"ಪಾಯಿ, ಸ್ವಲ್ಪ ಎದ್ದು ನಿಮ್ಮ ಕಾಲು ಎತ್ತಿ ತೋರ್ಸಿ. ಎಷ್ಟು ಮೇಲೆ ಬರುತ್ತೆ ನೋಡ್ತೀನಿ."

"ಯಾಕೆ, ಕುಣಿಸ್ತೀಯಾ ಈ ವಯಸ್ಸಲ್ಲಿ?"

"ಕುಣಿಸೋದಿಲ್ಲ. ಹತ್ತಿಸ್ತೀನಿ."

ಪಾಯಿ ಇವಾಲ್ ಮುಖವನ್ನು ದಿಟ್ಟಿಸಿ ನೋಡಿದರು. ಆಮೇಲೆ ಬಾಗಿಲ ಚೌಕಟ್ಟು ಹಿಡಿದು ಎದ್ದು, ಬಾತ ಪಾದವನ್ನು ಎತ್ತಿ ಗೋಡೆಗೆ ಒತ್ತಿದರು. ಇವಾಲ್ ಅಲ್ಲಿ ಗೀಟು ಹಾಕಿದರು. ಅದು ಒಂದು ಗೇಣಿಗಿಂತ ತುಸು ಹೆಚ್ಚಿತ್ತು.

ಮೊದಲ ಮೆಟ್ಟಿಲು ಹೊಳೆಯಲ್ಲೇ ಹೋಯಿತು. ಬಾಗಿಲ ಕೆಳಗೆ ಗಟ್ಟಿಯಾಗಿ ಬೆಸೆದಿದ್ದನ್ನು, ಖಾಲಿ ಗಾಡಿ ಓಡಿಸಿ ನೋಡುವಾಗ ಬಂಡೆಯೊಂದು ಕಿತ್ತುಹಾಕಿತು. "ಅಕ್ಕ, ನಿನ್ನ ಮೆಟ್ಟಿಲು ಈಗ ಸಮುದ್ರಕ್ಕೆ ಹೋಗ್ತಿದೆ, ಅಲ್ಲೇ ಯಾವ್ದಾದ್ರೂ ಮೀನು ಹತ್ಲಿ," ಎಂದು ಹರುಂಗ್ ರೇಗಿಸಿದ. ಹತ್ತುವಾಗ ಮೆಟ್ಟಿಲು ಕೆಳಗೆ ಇಳಿಯಬೇಕು, ಹೊಳೆಯಲ್ಲಿ ಇರಬಾರದು. ಇವಾಲ್ ಬಾಗಿಲಿನ ಕೀಲುಗಳನ್ನು ತಂದು, ಮೂರು ಹಂತದ ಮೆಟ್ಟಿಲು ಮಡಚಿಕೊಂಡು ಗಾಡಿಯ ಹೊಟ್ಟೆಗೆ ಅಂಟಿಕೊಳ್ಳುವ ಹಾಗೆ ಮಾಡಿದರು. ಅದನ್ನು ಮೇಲೆತ್ತಲು ಒಂದು ಹಗ್ಗ ಬೇಕಿತ್ತು.

"ಹಗ್ಗ ನನ್ನ ಕಡೆ ಇರ್ಲಿ, ನಾನೇ ಎಳೀತೀನಿ," ಎಂದ ಹರುಂಗ್.

"ಬೇಡ. ಪಾಯಿ ಕೈಗೇ ಸಿಗಲಿ."

ಬೆಳಗಾದರೆ ಆಸ್ಪತ್ರೆಯ ದಿನ. ಇವಾಲ್ ಮನೆಯ ಸಾಲಿನಲ್ಲಿ ಯಂತ್ರ ನಿಲ್ಲದಿರಲೆಂದು ಆವತ್ತು ಯಾರೂ ಅನ್ನಕ್ಕಿಡಲಿಲ್ಲ. ಹಿಂದಿನ ದಿನದ ಗೆಣಸು ತಿಂದು ಸುಮ್ಮನಿದ್ದರು. ಕೊನೆಯ ಬೆಸುಗೆಯ ಬಿಸಿ ಆರುವ ಮೊದಲೇ ಜೀಪು ಚರ್ಚಿನ ಅಂಗಳಕ್ಕೆ ಬಂತು.

ತಪಾಂಗ್ ಪಾಯಿ ಕೋಲೂರಿಕೊಂಡು ಬಂದು ಮೆಟ್ಟಿಲ ಮುಂದೆ ನಿಂತರು. ಹಾಡಿನ ಬಳಗದವರು ಅಲ್ಲೇ ಇದ್ದರು. ಅವರಿಗೆ ಯಾರು ಏನು ಹೇಳಿದ್ದರೋ ನನಗೆ ತಿಳಿಯದು, ಲಾಬಾಯ್ ಇರಬೇಕು. ಒಬ್ಬರು ಹೂಕುಂಡದ ಕಳೆ ಕೀಳತೊಡಗಿದರು. ಇನ್ನೊಬ್ಬರು ಬೋರ್ಡಿನ ಮೇಲಿನ ಹಳೆಯ ಸೂಚನೆಯನ್ನು ಗಮನವಿಟ್ಟು ಓದತೊಡಗಿದರು. ಹರುಂಗ್ ಸ್ಟೇರಿಂಗ್ ಹಿಡಿದು ನೇರ ಮುಂದೆ ನೋಡುತ್ತಿದ್ದ. ಇವಾಲ್ ಹಿಂದಿನ ಚಕ್ರದ ಗಾಳಿ ಪರೀಕ್ಷಿಸುವ ನೆಪದಲ್ಲಿ ಬಗ್ಗಿದರು. ಬಿದ್ದರೆ ಹಿಡಿಯುವಷ್ಟು ಹತ್ತಿರವೇ ಇದ್ದರು.

ಒಂದು ಮೆಟ್ಟಿಲು. ಉಸಿರು ತೆಗೆದುಕೊಳ್ಳುವ ಸದ್ದು. ಇನ್ನೊಂದು. ಕೋಲು ಕಬ್ಬಿಣಕ್ಕೆ ತಗುಲಿದ ಸದ್ದು. ಆಮೇಲೆ ಸೀಟಿನ ಸ್ಪಂಜು ಕುಸಿದ ಶಬ್ದ, ಹಗ್ಗ ಎಳೆದ ಶಬ್ದ, ಮೆಟ್ಟಿಲು ಟಕ್ಕೆಂದು ಮಡಚಿಕೊಂಡ ಶಬ್ದ.

"ಯಾರೂ ನೋಡ್ಲಿಲ್ವೇನ್ರೇ?" ಎಂದು ಮೇಲಿಂದ ಪಾಯಿ ಗದರಿದರು. "ಇಷ್ಟು ಚೆನ್ನಾಗಿ ಹತ್ತಿದೀನಿ, ಎಲ್ಲಾ ಕಳೆ ಕೀಳ್ತಾ ಕೂತಿದಾರೆ!"

ಅದಾದ ಮೇಲೆ ಅವರು ಒಂದು ಸಲವೂ ತಪ್ಪಿಸಿಲ್ಲ. ಚಳಿಗೆ ಕಬ್ಬಿಣ ತಣ್ಣಗೆ ಕೊರೆಯುತ್ತದೆಂದು ಬಾಗಿಲ ಪಕ್ಕದ ಹಿಡಿಕೆಗೆ ತಾವೇ ನಾರಿನ ದಾರ ಸುತ್ತಿದ್ದಾರೆ. ಮೆಟ್ಟಿಲು ಕಿರುಗುಟ್ಟಿದರೆ ಇವಾಲ್‌ಗೆ ಹೇಳಿ ಕಳಿಸುತ್ತಾರೆ, ಬೈಗುಳದ ಜೊತೆ.

ಇವತ್ತಿನ ಕೆಲಸವೂ ಅದೇ. ಕೆಳಗಿನ ಹಂತ ಪಾಚಿ ಹಿಡಿದು ಜಾರುತ್ತಿದೆಯಂತೆ. ಇವಾಲ್ ಅದರ ಮೇಲೆ ಸಣ್ಣ ಸಣ್ಣ ಉಬ್ಬುಗಳನ್ನು ಬೆಸೆಯುತ್ತಿದ್ದಾರೆ. ಮುಖಕ್ಕೆ ಹಿಡಿದ ಗುರಾಣಿ ಇಳಿಸಿದಾಗ, ಇನ್ನು ಏನು ಆಸೆ ಎಂದು ಕೇಳುತ್ತೇನೆ. ಹೊಸ ಯಂತ್ರವೋ, ದೊಡ್ಡ ಶೆಡ್ಡೋ ಎನ್ನಬಹುದೆಂದು ನನ್ನ ಎಣಿಕೆ.

"ಸೇತುವೆ ಬೇಗ ಕಟ್ಲಿ ಟೀಚರ್. ಕಟ್ಟಿದ ದಿನಾನೇ ಈ ಗಾಡೀನ ಮತ್ತೆ ತಗ್ಗಿಸ್ತೀನಿ, ಮೊದ್ಲಿದ್ದ ಹಾಗೆ."

"ಪಟ್ಟಣದ ಹುಡುಗರು ಅತ್ತುಬಿಡ್ತಾರೆ."

"ಅಳ್ಲಿ," ಎಂದು ಗುರಾಣಿ ಮೇಲೆತ್ತಿಕೊಳ್ಳುತ್ತಾರೆ. "ಪಾಯಿ ಸುಮ್ನೆ ಬಾಗಿಲು ತೆಗೆದು ಕೂತ್ಕೋಬೇಕು. ಅಷ್ಟೇ."