ಟುಲಿಪ್ ಗೆಡ್ಡೆಗೆ ಹಾಕಿದ ಹೊಲಿಗೆ

ಹಾರ್ಲೆಮ್ ಊರಾಚೆ, ಮರಳು ದಿಬ್ಬಗಳ ಮಗ್ಗುಲಲ್ಲಿ ನಾರುಬಟ್ಟೆ ಬಿಳುಪು ಮಾಡಿಕೊಂಡಿದ್ದ ಹಿಲ್ಲೆಗೊಂಡ ಯಾರನ್ನೂ ನಂಬಿದವಳಲ್ಲ. ಅವಳ ಗಂಡ ಮೆಣಸು ತರಲು ಹೊರಟ ಹಡಗು ಹತ್ತಿ ಪೂರ್ವದೇಶಕ್ಕೆ ಹೋಗಿದ್ದ. ಹಡಗು ಮುಳುಗಿತೆಂಬ ಸುದ್ದಿ ಬಂದಾಗ ನೆರೆಯ ಹೆಂಗಸರೆಲ್ಲ ಬಂದು ಅತ್ತರು. ಇವಳು ಮಾತ್ರ, "ಮುಳುಗಿದ್ದನ್ನ ನೋಡಿದೋರು ಯಾರು? ಅಲ್ಲೇ ಪೂರ್ವದ ಬಟಾವಿಯಾದಲ್ಲಿ ಇನ್ನೊಬ್ಬಳನ್ನ ಕಟ್ಕೊಂಡು ಹೆಂಡದಂಗಡಿ ಇಟ್ಟಿರ್ತಾನೆ, ಸುಮ್ನಿರ್ರೇ," ಅಂದುಬಿಟ್ಟಳು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ.

ತಪ್ಪು ಪೂರ್ತಿ ಅವಳದೇ ಎನ್ನಲಾಗದು. ಕಸುಬೇ ಅಂಥದ್ದು. ಬಿಳುಪಿಗೆ ಬಟ್ಟೆಯ ಥಾನು ಕಳಿಸುವ ವರ್ತಕರು ಒಬ್ಬರು ಬಿಡದಂತೆ ಮೂಲೆಯಲ್ಲಿ ಬಣ್ಣದ ದಾರದ ಗುರುತು ಹೊಲಿದೇ ಕಳಿಸುತ್ತಿದ್ದರು. ಒಳ್ಳೆಯದನ್ನು ಇಟ್ಟುಕೊಂಡು ಕಳಪೆಯದನ್ನು ಕೊಟ್ಟಾಳೆಂಬ ಭಯ ಅವರಿಗೆ. ಬೂದಿನೀರಿನಲ್ಲೂ ಮಜ್ಜಿಗೆಯಲ್ಲೂ ಬಟ್ಟೆ ನೆನೆಸಿ ನೆನೆಸಿ ಬೆರಳು ಸವೆಸಿಕೊಂಡವಳನ್ನು ದಿನಾ ಕಳ್ಳಿಯ ಹಾಗೆ ನೋಡಿದರೆ, ಅವಳೂ ಲೋಕವನ್ನು ಹಾಗೇ ನೋಡಲು ಕಲಿಯುತ್ತಾಳೆ.

ಅವಳದೆಂದು ಉಳಿದವನು ತಮ್ಮ ಲುಬ್ಬರ್ಟ್ ಒಬ್ಬನೇ. ತಾಯಿ ಸತ್ತ ಮೇಲೆ ಇವಳೇ ಎತ್ತಿ ಆಡಿಸಿ ಬೆಳೆಸಿದವನು. ಊರ ಬಾಗಿಲ ಹತ್ತಿರ ಚಿಕ್ಕ ಹೂದೋಟ ಮಾಡಿಕೊಂಡಿದ್ದ.

ಆ ವರ್ಷ ಊರಿಗೆ ಊರೇ ಟುಲಿಪ್ ಹುಚ್ಚು ಹಿಡಿಸಿಕೊಂಡಿತ್ತು. ಹೊಟ್ಟೆಗೆ ಹಿಟ್ಟಿಲ್ಲದವರೂ ಹೆಂಡದಂಗಡಿಯಲ್ಲಿ ಕೂತು, ಕಣ್ಣಿಂದ ಕಾಣದ, ಮಣ್ಣೊಳಗಿನ ಗೆಡ್ಡೆಗಳನ್ನು ಕೊಂಡು ಮಾರುತ್ತಿದ್ದರು. ಹಿಲ್ಲೆಗೊಂಡ ಎಲ್ಲರನ್ನೂ ಆಡಿಕೊಂಡು ನಕ್ಕಳು. ಆಮೇಲೆ ಅವಳಿಗೂ ಆಸೆ ಹತ್ತಿತು. ಇದ್ದೊಂದು ಹಸುವನ್ನು ತಮ್ಮನಿಗೆ ಕೊಟ್ಟು, ಅವನಿಂದ ಕೆಂಪು ಪಟ್ಟೆಯ ಬಿಳಿ ಹೂ ಬಿಡುವ ಒಂದು ಗೆಡ್ಡೆ ತೆಗೆದುಕೊಂಡಳು. ಹಸುವಿಲ್ಲದೆ ಮಜ್ಜಿಗೆಯಿಲ್ಲ, ಮಜ್ಜಿಗೆಯಿಲ್ಲದೆ ಕಸುಬಿಲ್ಲ. ಅವಳ ಬದುಕೆಲ್ಲ ಆ ಗೆಡ್ಡೆಯೊಳಗೆ ಹೋಗಿ ಕೂತಿತು.

ನೆಡುವುದೆಲ್ಲಿ? ಅವಳ ಜಾಗವೆಲ್ಲ ಬಿಸಿಲಿಗೆ ಬಟ್ಟೆ ಹಾಸುವ ಹುಲ್ಲು. ಅಗೆದರೆ ಥಾನಿಗೆ ಮಣ್ಣು ಮೆತ್ತುತ್ತದೆ.

"ನನ್ ತೋಟದಲ್ಲೇ ನೆಡ್ತೀನಿ ಕೊಡಕ್ಕಾ, ಬೇಸಿಗೇಲಿ ಕಿತ್ತು ಕೈಗಿಡ್ತೀನಿ," ಅಂದ ಲುಬ್ಬರ್ಟ್.

ಇಷ್ಟು ಒಳ್ಳೆಯ ಮಾತು ಯಾಕೆ ಬರುತ್ತಿದೆ ಎಂದು ಅವಳಿಗೆ ಆಗಲೇ ಗುಮಾನಿ. ಬೇಸಿಗೆಯಲ್ಲಿ ಯಾವುದೋ ಅಗ್ಗದ ಗೆಡ್ಡೆ ತಂದು ಇದೇ ಅಂದರೆ? ಬಾಗಿಲು ಹಾಕಿಕೊಂಡಳು, ಗೆಡ್ಡೆಯ ಕಂದು ಸಿಪ್ಪೆ ಮೆಲ್ಲಗೆ ಎತ್ತಿದಳು, ಸೂಜಿಯಿಂದ ಒಳಗಿನ ಬಿಳಿ ತಿರುಳಿಗೆ ನೀಲಿ ದಾರದ ಎರಡು ಹೊಲಿಗೆ ಹಾಕಿ ಸಿಪ್ಪೆ ಮುಚ್ಚಿದಳು. ಬಟ್ಟೆಯವಳಿಗೆ ಗೊತ್ತಿದ್ದ ಗುರುತು ಅದೊಂದೇ. ಆಮೇಲೇ ಗೆಡ್ಡೆಯನ್ನು ತಮ್ಮನ ಕೈಗೆ ಕೊಟ್ಟಳು.

ಚಳಿಗಾಲದಲ್ಲಿ ಲುಬ್ಬರ್ಟ್ ಓಡೋಡಿ ಬಂದ. "ಅಕ್ಕಾ, ನಿನ್ ಗೆಡ್ಡೆಗೆ ಕಾಲುವೆ ಪಕ್ಕದ ಮನೆ ಬರ್ಕೊಡ್ತೀನಿ ಅಂತಿದಾನೆ ಒಬ್ಬ! ಕೊಟ್ಬಿಡೋಣ."

"ನಿಂಗ್ಯಾಕೋ ಇಷ್ಟು ಅವಸರ? ಅದರಲ್ಲಿ ನಿನ್ ಪಾಲೆಷ್ಟು?"

ಅವನ ಮುಖ ಕೆಂಪೇರಿತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಎಂದುಕೊಂಡಳು ಹಿಲ್ಲೆಗೊಂಡ. ಮಾರಲಿಲ್ಲ. ಫೆಬ್ರವರಿಯಲ್ಲಿ ಒಂದು ದಿನ ಹೆಂಡದಂಗಡಿಯಲ್ಲಿ ಕೂಗಿದ ಬೆಲೆಗೆ ಒಬ್ಬನೂ ಬಾಯಿ ಬಿಡಲಿಲ್ಲ. ವಾರ ಕಳೆಯುವುದರೊಳಗೆ ಗೆಡ್ಡೆಗಳನ್ನು ಕೇಳುವವರೇ ಇಲ್ಲದಾಯಿತು.

ಹೋಗಲಿ, ಹೂವಾದರೂ ನೋಡೋಣ ಎಂದು ವಸಂತದಲ್ಲಿ ತೋಟಕ್ಕೆ ಹೋದಳು. ಸಾಲಿನಲ್ಲೆಲ್ಲ ಮೊಳಕೆ ಎದ್ದಿತ್ತು. ಅವಳ ಗೆಡ್ಡೆಯ ಜಾಗ ಮಾತ್ರ ಬೋಳು. ಸೊಂಟಕ್ಕೆ ಕೈಕೊಟ್ಟು ಬೀದಿಗೆ ಕೇಳುವಂತೆ ಕೂಗಿದಳು: "ನಾನು ಬೇಡ ಅಂದಿದ್ಕೆ ಕದ್ದು ಮಾರ್ಕೊಂಡ್ಯೇನೋ? ಎತ್ತಿ ಬೆಳೆಸಿದ ಕೈಗೇ ಕಚ್ಚಿದ್ಯಲ್ಲೋ!"

ಜನ ಸೇರಿದರು. ಲುಬ್ಬರ್ಟ್ ಮಂಡಿಯೂರಿ ಬರಿಗೈಯಲ್ಲಿ ಅಗೆದ. ಕೊಳೆತ ಗೆಡ್ಡೆ ಕೈಗೆ ಬಂತು. ಅದನ್ನು ಹಿಚುಕಿದಾಗ ಬೆರಳಿಗೆ ನೀಲಿ ದಾರ ಸುತ್ತಿಕೊಂಡಿತು. ಸೂಜಿ ಚುಚ್ಚಿದ ಕಡೆಯಿಂದಲೇ ಕೊಳೆಯಲು ಶುರುವಾಗಿದ್ದು ಕುರುಡನಿಗೂ ಕಾಣುವಂತಿತ್ತು.

ಅವನು ದಾರವನ್ನೇ ನೋಡುತ್ತ ಕೂತ. "ವರ್ತಕರು ಹಿಂಗೆ ಹೊಲ್ದು ಕಳಿಸ್ದಾಗ ನೀನು ಒಲೆ ಮುಂದೆ ಕೂತು ಅಳ್ತಿದ್ದೆ. ನಾನು ಚಿಕ್ಕೋನು, ನಿನ್ ಕಣ್ಣು ಒರೆಸ್ತಿದ್ದೆ," ಅಂದ.

ಹಿಲ್ಲೆಗೊಂಡಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ತಪ್ಪಾಯಿತು ಕಣೋ ಎನ್ನಬೇಕು, ಅವನ ಮಣ್ಣು ಕೈ ಹಿಡಿದುಕೊಳ್ಳಬೇಕು ಎಂದು ಜೀವ ಹಾತೊರೆಯಿತು.

ಲುಬ್ಬರ್ಟ್ ಎದ್ದು ಕೈ ಒರೆಸಿಕೊಂಡ. "ಹಸು ವಾಪಸ್ ಹೊಡ್ಕೊಂಡು ಹೋಗಕ್ಕಾ. ಅದಿಲ್ದೆ ನಿನ್ ಹೊಟ್ಟೆಪಾಡು ನಡೆಯಲ್ಲ."

"ಯಾಕೆ?" ಅವಳ ಬಾಯಿಂದ ಥಟ್ಟನೆ ಬಂತು. "ಹಸುಗೇನಾಗಿದೆ?"

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಲುಬ್ಬರ್ಟ್ ನಗಲಿಲ್ಲ. ಕೊಟ್ಟಿಗೆಯಿಂದ ಹಸು ಬಿಚ್ಚಿ ತಂದು ಹಗ್ಗ ಅವಳ ಕೈಗಿಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡ.